ಆರು ಅಕ್ಷರ ಕಲಿತ ಜಯವ್ವ

ಜಯವ್ವನಿಗೆ ಇಂಗ್ಲಿಷ್ ಬರುತ್ತಿತ್ತು. ನಗಬೇಡ್ರಿ, ಖರೇನೇ ಬರುತ್ತಿತ್ತು, ಆದರೆ ಆರೇ ಅಕ್ಷರ. ಎ ಇಂದ ಹಿಡಿದು ಎಫ್ ತನಕ. ಅದರ ಮುಂದೆ ಜಿ ಅಂತ ಒಂದಿದೆ ಅನ್ನುವುದು ಆಕೆಗೂ ಗೊತ್ತಿತ್ತು, ಆದರೆ ಅದನ್ನು ಕಲಿಯುವ ಗರಜು ಬೀಳಲಿಲ್ಲ. ನಾಗಪುರದ ಧರಮಪೇಠದಲ್ಲಿ, ಹತ್ತಾರು ಬಾಡಿಗೆ ಮನೆಗಳ ಆ ವಾಡೆಯಲ್ಲಿ ನಳದ ಮುಂದೆ ಕೊಡ ಹಿಡಿದು ನಿಂತ ಮರಾಠಿ ಹೆಂಗಸರು, ಏಳನೇ ಅಕ್ಷರ ಯಾವಾಗ ಕಲೀತೀರಿ ಜಯಾಬಾಯಿ ಅಂತ ಕಾಡಿಸಿದರೆ, ಸೆರಗು ಬಿಗಿದುಕೊಂಡು ಉತ್ತರ ಕೊಡುತ್ತಿದ್ದಳು. ಮಷಿನ್ನಿಗೇ ಆರು ಸಾಕಾಗುವಾಗ ನನಗ್ಯಾಕೆ ಇಪ್ಪತ್ತಾರು ಅನ್ನುತ್ತಿದ್ದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಒಂದು ಮಾತು ಸೇರಿಸುತ್ತಿದ್ದಳು: "ಓದೂದು ಆರ ಅಕ್ಷರಾ ಇರಬಹುದು, ಆದ್ರ ಒಂದ ತಪ್ಪು ತಗೀರಿ ನೋಡೂಣು!"

ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ನಾಲ್ಕನೇತ್ತೆ ಮುಗಿಸಿ, ಹದಿನೇಳಕ್ಕೆ ಮದುವೆಯಾಗಿ ನಾಗಪುರಕ್ಕೆ ಬಂದಾಕೆ. ಗಂಡ ಶಿವಶರಣಪ್ಪ ತಾರ್ ಆಫೀಸಿನಲ್ಲಿ ಟೆಲಿಪ್ರಿಂಟರ್ ರಿಪೇರಿ ಮಾಡುವ ಮೆಕ್ಯಾನಿಕ್. ಮಕ್ಕಳಾಗಲಿಲ್ಲ. ಅದರ ದುಃಖವನ್ನು ಇಬ್ಬರೂ ಬೇರೆ ಬೇರೆ ಕಡೆ ಇಟ್ಟುಕೊಂಡಿದ್ದರು. ಆಕೆ ಅಡಿಗೆಮನೆಯಲ್ಲಿ, ಆತ ಕಿಡಕಿ ಹತ್ತಿರದ ಮೇಜಿನ ಮೇಲೆ. ಆ ಮೇಜಿನ ತುಂಬ ಬೆಸುಗೆಯ ತಂತಿ, ಒಡೆದ ರೇಡಿಯೋ, ಸ್ಕ್ರೂ ತುಂಬಿದ ಬಿಸ್ಕೀಟು ಡಬ್ಬಿ. ಸಂಜೆ ಆಫೀಸಿನಿಂದ ಬಂದವನು ಅಲ್ಲಿ ಕೂತನೆಂದರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಏಳುವ ಗಿರಾಕಿಯಲ್ಲ.

ಎಂಬತ್ತೊಂದರಲ್ಲಿ ಆತ ಮುಂಬಯಿಯಿಂದ ಅಂಚೆಯಲ್ಲಿ ಒಂದು ಪಾರ್ಸಲ್ ತರಿಸಿದ. ಒಳಗೆ ಇದ್ದದ್ದು ಒಂದು ಹಸಿರು ಹಲಗೆ, ಚಪಾತಿ ಮಣೆಯಷ್ಟು ಅಗಲ. ಅದರ ಮೇಲೆ ಸಾಲುಸಾಲು ಕಾಲಿನ ಕರೀ ಚಿಪ್ಪುಗಳು, ಒತ್ತುವುದಕ್ಕೆ ಒಂದಿಷ್ಟು ಬಟನ್, ಮೇಲುಗಡೆ ಕೆಂಪಗೆ ಹೊತ್ತುವ ಆರು ಅಂಕಿ. "ಇದು ಕಂಪ್ಯೂಟರ್" ಅಂದ ಶಿವಶರಣಪ್ಪ. ಜಯವ್ವ ಹಲಗೆಯನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದಕ್ಕ ಮೈಮ್ಯಾಲೆ ಒಂದ ಅರಿವಿನೂ ಇಲ್ಲಲ್ರಿ" ಅಂದಳು. ಮರುದಿನವೇ ಆತ ಗಾಂಧಿಬಾಗ್ ಪೇಟೆಗೆ ಹೋಗಿ ಅಳತೆಗೆ ತಕ್ಕ ತಗಡಿನ ಡಬ್ಬಿ ಮಾಡಿಸಿ ತಂದ. ಅಂದಿನಿಂದ ಮನೆಯಲ್ಲಿ ಅದರ ಹೆಸರು ಡಬ್ಬಿ.

ಒಂದು ವರ್ಷ ಡಬ್ಬಿಯ ಜೊತೆ ಗುದ್ದಾಡಿ ಆತ ಅದಕ್ಕೆ ಗಡಿಯಾರವಾಗುವುದನ್ನು ಕಲಿಸಿದ. ಅಂಕಿ ತೋರಿಸುವುದಷ್ಟೇ ಅಲ್ಲ, ಹಳೇ ಟೆಲಿಫೋನಿನ ಕಿವಿಯ ತುಂಡೊಂದನ್ನು ಬೆಸೆದು, ತಾಸಿಗೊಮ್ಮೆ ಎಷ್ಟು ಗಂಟೆಯೋ ಅಷ್ಟು ಸಲ ಟುಂಯ್ ಅನ್ನುವ ಹಾಗೆ ಮಾಡಿದ. ಇದು ಬರೀ ಹುಚ್ಚಿನ ಕೆಲಸವಲ್ಲ. ಸಕ್ಕರೆ ಕಾಯಿಲೆ ಆತನ ಕಣ್ಣು ತಿನ್ನುತ್ತಿತ್ತು. ಆ ವರ್ಷದ ಕೊನೆಗೆ ಬಲಗಣ್ಣು ಹೋಗಿಯೇ ಬಿಟ್ಟಿತ್ತು, ಎಡಗಣ್ಣಿಗೆ ಬೆಳಕು ನೆರಳು ಅಷ್ಟೇ ತಿಳಿಯುತ್ತಿತ್ತು. ಮೂವತ್ತು ವರ್ಷ ತಾರ್ ಆಫೀಸಿನಲ್ಲಿ ಪ್ರತಿ ತಾರಿನ ಮೇಲೂ ಗಂಟೆ ನಿಮಿಷದ ಮುದ್ರೆ ಬೀಳುವುದನ್ನು ನೋಡಿದ ಮನುಷ್ಯ, ಮುಂಚೆಯೇ ರಿಟೈರಾಗಿ ಮನೆಯಲ್ಲಿ ಕೂತು, ಹೊತ್ತು ಗೊತ್ತಾಗದೆ ಚಡಪಡಿಸುತ್ತಿದ್ದ. ಕಾಲು ತಾಸಿಗೊಮ್ಮೆ "ಎಷ್ಟಾತು?" ಅನ್ನುವುದು, ಜಯವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಗಡಿಯಾರ ನೋಡಿ ಹೇಳುವುದು. ಡಬ್ಬಿ ಮಾತಾಡತೊಡಗಿದ ಮೇಲೆ ಆ ಪ್ರಶ್ನೆ ನಿಂತಿತು. ಟುಂಯ್ ಅಂದಾಗೆಲ್ಲ ಆತ ಬೆರಳು ಮಡಚಿ ಗಟ್ಟಿಯಾಗಿ ಎಣಿಸುತ್ತಿದ್ದ, ಮುಖ ಅರಳುತ್ತಿತ್ತು.

ಆದರೆ ಡಬ್ಬಿಗೆ ಒಂದು ದೊಡ್ಡ ರೋಗ. ಕರೆಂಟು ಹೋಯಿತೋ, ಕಲಿತದ್ದೆಲ್ಲ ಮರೆತು ಕೂಡುತ್ತಿತ್ತು. ಟಾರ್ಚಿನ ಸೆಲ್ ಹಾಕಿ ನೋಡಿದ, ಅರ್ಧ ತಾಸಿನಲ್ಲಿ ಸೆಲ್ ತಿಂದು ತೇಗಿತು. ನಾಗಪುರದ ಬೇಸಿಗೆ ಎಂಥದ್ದು ಅಂತ ಹೇಳಬೇಕಾಗಿಲ್ಲ. ವಾಡೆಯಲ್ಲಿ ನಾಲ್ಕು ಕೂಲರ್ ಒಮ್ಮೆಗೇ ಶುರುವಾದರೆ ಸಾಕು, ಬಲ್ಬು ಕೆಂಪಗಾಗಿ, ಡಬ್ಬಿಯ ತಲೆ ಖಾಲಿ. ಉಳಿದ ಕಾಲದಲ್ಲೂ ಕರೆಂಟು ದಿನಕ್ಕೊಮ್ಮೆ ಹೋಗದೆ ಬಿಡುತ್ತಿರಲಿಲ್ಲ. ಆಗ ಪುಸ್ತಕ ನೋಡಿ ಮೊದಲಿನಿಂದ ಎಲ್ಲ ಒತ್ತಬೇಕು. ಕಣ್ಣು ನೆಟ್ಟಗಿದ್ದಾಗ ಶಿವಶರಣಪ್ಪ ನೀಲಿ ಶಾಯಿಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದ ಎರಡು ಪುಟ, ಬರೀ ಅಂಕಿ ಮತ್ತು ಆ ಆರು ಅಕ್ಷರ. ಈಗ ಓದುವವರು ಯಾರು? ಆ ಕೆಲಸ ಜಯವ್ವನ ಪಾಲಿಗೆ ಬಂತು.

"ಎಡಗಡೆ ಇರೂದು ಮನಿ ನಂಬರ. ಅದನ್ನ ಓದಬ್ಯಾಡ, ಅದನ್ನ ಡಬ್ಬಿ ತಾನ ಏರಿಸಿಕೊಳ್ಳತೈತಿ. ಬಲಗಡೆ ಮನ್ಯಾಗ ಇರೋರನ್ನ ಅಷ್ಟ ಓದು" ಅಂತ ಆತ ಪಾಠ ಹೇಳಿಕೊಟ್ಟ. ಸಂಜೆ ದೀಪ ಹಚ್ಚಿ ಇಬ್ಬರೂ ಮೇಜಿಗೆ ಕೂರುತ್ತಿದ್ದರು. "ಮೂರು ಇ, ಸೊನ್ನಿ ಐದು" ಅಂತ ಆಕೆ. ಟಕ್ ಟಕ್ ಅಂತ ಆತನ ಬೆರಳು. ಬಟನ್ನುಗಳ ಜಾಗ ಬೆರಳಿಗೆ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ. ಮುಕ್ಕಾಲು ತಾಸಿನ ಕೆಲಸ. ಕೊನೆಗೆ ಆಕೆ ಕೈಗಡಿಯಾರ ನೋಡಿ ಹೊತ್ತು ಹೇಳಿದರೆ ಆತ ಅದನ್ನೂ ಒತ್ತಿ ಚಾಲೂ ಮಾಡುತ್ತಿದ್ದ.

ಮೊದಲ ತಿಂಗಳಲ್ಲೇ ಒಂದು ರಾದ್ಧಾಂತ ಆಯಿತು. ಜಯವ್ವ ಒಂದು ಸಾಲನ್ನು ಎರಡು ಸಲ ಓದಿಬಿಟ್ಟಳು, ಡಬ್ಬಿ ಕೊಂಯ್ ಅಂತ ಒಂದೇ ಸಮ ಒದರಿತು. ಶಿವಶರಣಪ್ಪನ ಸಿಟ್ಟು ನೆತ್ತಿಗೇರಿತು. "ನಾಕನೇತ್ತೆ ಕಲ್ತಾಕಿ ಕೈಯಾಗ ಪುಸ್ತಕ ಕೊಟ್ಟೆನಲ್ಲ, ನನಗ ಬುದ್ಧಿ ಇಲ್ಲ!" ಅಂದ. ಕಣ್ಣು ಹೋಗುತ್ತಿದ್ದವನ ಹೊಟ್ಟೆಯ ಸಂಕಟ ಅದು, ಹೆಂಡತಿಯ ಮೇಲಿನದಲ್ಲ. ಆದರೆ ಮಾತು ಮಾತೇ. ಜಯವ್ವ ಪುಸ್ತಕವನ್ನು ಬೀಸಿ ಒಗೆದಳು. ಅದು ಕೂಲರಿನ ಕಬ್ಬಿಣದ ಸ್ಟ್ಯಾಂಡಿಗೆ ಬಡಿದು ಮೊದಲನೇ ಹಾಳೆ ಕೆಳಗಡೆ ಹರಿಯಿತು. "ಕಲ್ತಾಕಿನ್ನ ಕಟ್ಟಿಕೋಬೇಕಾಗಿತ್ತು!" ಅಂತ ಒಳಗೆ ಹೋಗಿ ಅತ್ತಳು.

ಎಂಟು ದಿನ ಆಕೆ ಮೇಜಿನ ಹತ್ತಿರ ಸುಳಿಯಲಿಲ್ಲ. ಎಂಟು ದಿನ ಡಬ್ಬಿ ಮೂಕ. ಆತ ಕಿಡಕಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವವರನ್ನು ಕೂಗಿ "ಕಿತನೇ ಬಜೇ ಭಾಯಿ?" ಅಂತ ಹೊತ್ತು ಕೇಳುವುದು ಆಕೆಯ ಕಿವಿಗೆ ಬೀಳುತ್ತಿತ್ತು. ಬೀಳಲಿ ಅಂತ ಸುಮ್ಮನಿದ್ದಳು. ಒಂಬತ್ತನೇ ದಿನ ಆಕೆಗೇ ತಡೆಯಲಿಲ್ಲ. ಮೈದಾ ಹಿಟ್ಟಿನ ಅಂಟು ಕಾಸಿ, ಹಳೇ ಖಾಕಿ ಲಕೋಟೆಯಿಂದ ಒಂದು ಪಟ್ಟಿ ಕತ್ತರಿಸಿ, ಹರಿದ ಹಾಳೆಯ ಬುಡಕ್ಕೆ ನೀಟಾಗಿ ಅಂಟಿಸಿ, ಪುಸ್ತಕವನ್ನು ಆತನ ಮುಂದೆ ತಂದಿಟ್ಟಳು. ಆತ ಪಟ್ಟಿಯ ಮೇಲೆ ಬೆರಳಾಡಿಸಿದ. ಒಮ್ಮೆ ಅತ್ತ, ಒಮ್ಮೆ ಇತ್ತ. "ಭಾಳ ಚಲೋ ಅಂಟಿಸೀದಿ" ಅಂದ. ಅಷ್ಟೇ.

ಅವತ್ತಿನಿಂದ ಆತ ಆಕೆಯ ಓದಿನಲ್ಲಿ ತಪ್ಪು ಹಿಡಿದದ್ದೇ ಇಲ್ಲ. ಹೊಸದೊಂದು ರೂಢಿ ಮಾತ್ರ ಶುರುವಾಯಿತು. ಮೊದಲನೇ ಪುಟ ಮುಗಿದು ಆಕೆ ಹಾಳೆ ತಿರುವುವಾಗ, "ತಡಿ, ದನಿ ಒಣಗೈತಿ ನಿಂದು, ಒಂದ ಗುಟುಕು ನೀರ ಕುಡಿ" ಅನ್ನುತ್ತಿದ್ದ. ಆಕೆ ತಂಬಿಗೆ ಎತ್ತಿ ಕುಡಿಯುವಷ್ಟರಲ್ಲಿ ಆತನ ಬೆರಳು ಬಟನ್ನುಗಳ ಮೇಲೆ ಟಕ ಟಕ ಆಡುತ್ತಿತ್ತು. "ಏನ ಒತ್ತಾಕತ್ತೀರಿ?" ಅಂತ ಒಮ್ಮೆ ಕೇಳಿದ್ದಳು. "ಧೂಳಾ ಝಾಡಸಾಕತ್ತೇನಿ" ಅಂದಿದ್ದ. ಇವರ ಧೂಳಿನ ಹುಚ್ಚು ಅಂತ ಆಕೆ ನಕ್ಕು ಮುಂದಿನ ಪುಟ ಹಿಡಿದಿದ್ದಳು.

ಆತನ ಕೈಕೆಳಗೆ ಕೆಲಸ ಕಲಿತ ಲಕ್ಷ್ಮೀಕಾಂತ ಅಂತ ಒಬ್ಬನಿದ್ದ, ಸೊಲ್ಲಾಪುರದ ಕಡೆಯವನು. ರಜೆ ಇದ್ದಾಗ ಬಂದು ಹೋಗುತ್ತಿದ್ದ. ಒಂದು ದಿನ ಅವನು, "ಕಾಕಾ, ಇದನ್ನ ಪಕ್ಕಾ ಚಿಪ್ಪಿನ್ಯಾಗ ಬರಸಿಕೊಂಡ ಬರತೇನ್ರಿ. ಕಾಲೇಜಿನ್ಯಾಗ ಬರಿಯೂ ಮಷಿನ್ ಐತಿ. ಆಮ್ಯಾಲೆ ಕರೆಂಟ್ ಹೋದ್ರೂ ಮರಿಯಂಗಿಲ್ಲ, ಕಾಕುಗೂ ಓದೂ ತ್ರಾಸ ತಪ್ಪತೈತಿ" ಅಂದ. ಜಯವ್ವ ಒಳಗಿನಿಂದಲೇ, "ಪುಣ್ಯಾ ಕಟ್ಟಿಕೋ ನಮ್ಮಪ್ಪಾ!" ಅಂತ ಕೂಗಿದಳು. ಶಿವಶರಣಪ್ಪ ಮಾತ್ರ ಮುಖ ಗಂಟು ಹಾಕಿದ. "ಏನೂ ಬ್ಯಾಡ. ಚಿಪ್ಪಿನ್ಯಾಗ ಹಾಕಿದ್ರ ನಾ ಸಂಜೀಕ ಏನ ಮಾಡ್ಲಿ?" ಅಂದುಬಿಟ್ಟ. ಹಟಮಾರಿ ಮುದುಕ ಅಂತ ಜಯವ್ವ ಬೈದುಕೊಂಡಳು.

ಬೈಯುವುದರಲ್ಲಿ ಆಕೆಯೇನು ಕಡಿಮೆಯಲ್ಲ. ಆರು ವರ್ಷ ದಿನಾ ಅದೇ ಅಂಕಿ ಓದಿದರೆ ಯಾರಿಗಾದರೂ ಬೇಜಾರು ಬರುತ್ತದೆ. ಬ್ಯಾಳಿ ಸೀಯುತ್ತದೆ, ಜಲ್ದಿ ಮುಗಿಸ್ರಿ ಅನ್ನುವುದು, ಇವತ್ತು ತಲೆನೋವು, ನಾಳೆ ನೋಡೋಣ ಅನ್ನುವುದು. ಅಂಥ ದಿನ ಆತ "ಇರ್ಲಿ ಬಿಡು" ಅಂತ ಖಾಲಿ ಡಬ್ಬಿಯ ಮುಂದೆ ಕೈಕಟ್ಟಿ ಕೂತಿರುತ್ತಿದ್ದ, ಊಟಕ್ಕೆ ಕರೆಯುವ ತನಕ.

ಎಂಬತ್ತೆಂಟರ ಫೆಬ್ರುವರಿಯಲ್ಲಿ ಕಾಲಿನ ಒಂದು ಗಾಯ ಆತನನ್ನು ಆಸ್ಪತ್ರೆಗೆ ಒಯ್ದಿತು. ಹದಿನೆಂಟು ದಿನ. ಹತ್ತೊಂಬತ್ತನೇ ದಿನ ಜಯವ್ವ ಒಬ್ಬಳೇ ಮನೆಗೆ ಬಂದಳು. ನಡುವೆ ಯಾವಾಗಲೋ ಕರೆಂಟು ಹೋಗಿ ಡಬ್ಬಿ ಎಲ್ಲ ಮರೆತಿತ್ತು.

ಮಣ್ಣು ಕೊಟ್ಟು, ಬಂದವರೆಲ್ಲ ಹೋಗಿ, ಮನೆ ಖಾಲಿಯಾದ ಮೇಲೆ ಆಕೆಗೆ ತಡೆಯಲಾರದಂತೆ ಕಾಡಿದ್ದು ಆ ಸುಮ್ಮನಿರುವಿಕೆ. ಗಂಟೆ ಹೊಡೆಯುವುದಿಲ್ಲ, ಎಣಿಸುವ ದನಿಯಿಲ್ಲ. ಒಂದು ಸಂಜೆ ಪುಸ್ತಕ ತೆಗೆದು ಮೇಜಿಗೆ ಕೂತಳು. ಒಂದು ಸಾಲು ಗಟ್ಟಿಯಾಗಿ ಓದುವುದು, ತಾನೇ ಹುಡುಕಿ ಹುಡುಕಿ ಒತ್ತುವುದು. ಎರಡು ತಾಸು ಹಿಡಿಯಿತು. ಆತ ಮಾಡುತ್ತಿದ್ದ ಹಾಗೇ ಕೊನೆಗೆ ಹೊತ್ತನ್ನೂ ಹಾಕಿ ಚಾಲೂ ಮಾಡುವ ಬಟನ್ ಒತ್ತಿದಳು. ಅಂಕಿಗಳು ಒಮ್ಮೆ ಮಿಂಚಿ ಆರಿದವು, ಅಷ್ಟೇ. ಮರುದಿನ ಮತ್ತೆ ಒತ್ತಿದಳು. ಅದರ ಮರುದಿನವೂ. ಮಾರ್ಚ್ ಕಳೆದು ಏಪ್ರಿಲ್ ಬಂತು, ಹೀಗೆ ಹನ್ನೊಂದು ಸಲ. ಡಬ್ಬಿ ತುಟಿ ಬಿಚ್ಚಲಿಲ್ಲ. ತನ್ನ ಓದಿನಲ್ಲಿ ತಪ್ಪಿರುವುದು ಸಾಧ್ಯವೇ ಇಲ್ಲ ಅಂತ ಆಕೆಗೆ ಖಾತ್ರಿ. ಆರು ವರ್ಷ ಓದಿದ್ದಾಳೆ, ಆ ಮೊದಲ ಸಲ ಬಿಟ್ಟರೆ ಒಂದು ತಪ್ಪೂ ಆಗಿಲ್ಲ. ಹಾಗಾದರೆ ತಪ್ಪಿದ್ದು ಡಬ್ಬಿಯದು. ಯಜಮಾನನ ಹಿಂದೆ ಅದೂ ಹೋಯಿತು ಅಂತ ಜಯವ್ವ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಳು.

ಮೇ ತಿಂಗಳಲ್ಲಿ ತಮ್ಮ ಚನ್ನಪ್ಪ ಇಂಡಿಯಿಂದ ಬಂದ, ಅಕ್ಕನನ್ನು ಕರೆದೊಯ್ಯಲಿಕ್ಕೆ. ಮನೆ ಬಿಡುವುದು ಅಂತ ಆಯಿತು. ಪಾತ್ರೆ ಪಗಡ ಗಂಟು ಕಟ್ಟಿದರು, ಮೇಜನ್ನು ವಾಡೆಯವರಿಗೆ ಕೊಟ್ಟರು. "ಈ ಡಬ್ಬಿ ಏನ ಮಾಡೂದಕ್ಕಾ?" ಅಂದ ಚನ್ನಪ್ಪ.

"ಅದು ಸತ್ತೈತೋ ತಮ್ಮಾ."

"ಮಷಿನ್ ಸಾಯಂಗಿಲ್ಲಕ್ಕಾ, ಕೆಡತೈತಿ. ಯಾರಿಗಾರ ತೋರಸು."

ಆ ಮಾತಿಗೆ ಜಯವ್ವನಿಗೆ ಆಸೆ ಹುಟ್ಟಿತು. ಊರು ಬಿಡುವ ಮುಂಚೆ ಈ ಮನೆಯಲ್ಲಿ ಒಮ್ಮೆ, ಒಂದೇ ಒಂದು ಸಲ, ಅದು ಬಾರಿಸಿದ್ದು ಕೇಳಬೇಕು. ಲಕ್ಷ್ಮೀಕಾಂತನಿಗೆ ಹೇಳಿ ಕಳಿಸಿದಳು.

ಹೊರಡುವ ದಿನ ಮಧ್ಯಾಹ್ನ ಅವನು ಸೈಕಲ್ ತುಳಿದುಕೊಂಡು, ಬಿಸಿಲಿಗೆ ತಲೆಗೆ ಟಾವೆಲ್ ಸುತ್ತಿಕೊಂಡು ಬಂದ. ಗಾಡಿ ಸಂಜೆಗೆ. ನೆಲದ ಮೇಲೆ ಗಂಟುಗಳ ನಡುವೆ ಡಬ್ಬಿ ಇಟ್ಟುಕೊಂಡು ಕೂತ. ತಂತಿ ತಟ್ಟಿ ನೋಡಿದ, ಚಿಪ್ಪು ಒತ್ತಿ ನೋಡಿದ. "ಡಬ್ಬಿ ಬರೋಬರ್ ಐತ್ರಿ ಕಾಕು. ನೀವು ಓದ್ರಿ, ನಾ ಒತ್ತತೇನಿ" ಅಂದ. ಜಯವ್ವ ಓದಿದಳು. ಅವನು ಒತ್ತಿದ. ಡಬ್ಬಿ ಸುಮ್ಮನಿತ್ತು.

"ಒಂದ ಮಿನೀಟ್" ಅಂತ ಅವನು ಪುಸ್ತಕ ಇಸಿದುಕೊಂಡ. ಡಬ್ಬಿಯ ಅಂಕಿ ನೋಡಿದ, ಪುಸ್ತಕ ನೋಡಿದ. "ಕಾಕು, ಪುಸ್ತಕದಾಗ ಕಡೀ ಮನಿ ನಂಬರ್ ಎಂಬತ್ತೊಂಬತ್ತು. ಡಬ್ಬಿ ಎಂಬತ್ತಾರಕ್ಕ ನಿಂತೈತಿ. ಮೂರು ಮನಿ ಕಡಿಮಿ ಬಿದ್ದಾವು. ನಡುವ ಎಲ್ಲೋ ಮೂರು ಮನಿ ಇರೂ ಒಂದ ಸಾಲು ಬಿಟ್ಟೀರಿ."

"ನಾನಾ? ಬಿಡೂದಾ?" ಜಯವ್ವನ ದನಿ ಏರಿತು. "ಆರ ವರ್ಷ ಓದೇನೋ ಮಾರಾಯಾ, ನಿಮ್ಮ ಕಾಕಾನ ಕೇಳು..." ಅಂದವಳು ಅಲ್ಲಿಗೇ ನಿಂತಳು. ಕೇಳಲಿಕ್ಕೆ ಕಾಕಾ ಎಲ್ಲಿದ್ದಾನೆ?

ಲಕ್ಷ್ಮೀಕಾಂತ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಮನೆ ನಂಬರುಗಳನ್ನು ನೋಡುತ್ತ ಹೋದ. ಎರಡನೇ ಪುಟದ ತಲೆಗೆ ಬಂದು ನಿಂತ. ಹಾಳೆ ಹಿಂದೆ ತಿರುವಿದ. "ಇಲ್ಲಿ ನೋಡ್ರಿ. ಈ ಪುಟದ ಕಡೀ ಸಾಲು ನಲವತ್ತನೇ ಮನಿ. ಮುಂದಿನ ಪುಟ ನಲವತ್ತೊಂದಕ್ಕ ಸುರು ಆಗಬೇಕು. ನಲವತ್ನಾಕು ಅಂತ ಬರದಾರ. ನಡುವಿನ ಸಾಲು..." ಅವನ ಕಣ್ಣು ಹಾಳೆಯ ಬುಡದ ಖಾಕಿ ಪಟ್ಟಿಯ ಮೇಲೆ ಬಿತ್ತು. "ಇದನ್ನ ಯಾರ ಅಂಟಿಸ್ಯಾರ್ರಿ?"

ಜಯವ್ವ ಬಾಗಿ ಪಟ್ಟಿಯನ್ನು ನೋಡಿದಳು. ತಂಬಿಗೆಯ ನೀರಿನಲ್ಲಿ ಅವನು ಬೆರಳು ಅದ್ದಿ ಪಟ್ಟಿಗೆ ಹಚ್ಚಿದ. ಹಳೇ ಮೈದಾ ಅಂಟು, ನೆನೆದು ಮೆತ್ತಗಾಯಿತು. ಮೆಲ್ಲಗೆ ಸುಲಿದರೆ ಕೆಳಗೆ ನೀಲಿ ಶಾಯಿಯ ಒಂದು ಸಾಲು, ಶಿವಶರಣಪ್ಪನ ದುಂಡು ಅಕ್ಷರ, ಒಂದಿಷ್ಟೂ ಮಾಸಿರಲಿಲ್ಲ.

"ಇದ ನೋಡ್ರಿ, ಗಂಟಿ ಬಾರಸೂ ಕಡೆ ಕಳಸೂ ಸಾಲು" ಅಂದ ಅವನು. "ಇದಿಲ್ಲದ ಡಬ್ಬಿ ನಡಿಯಂಗೇ ಇಲ್ಲ. ಇಷ್ಟ ದಿನ ಹೆಂಗ ನಡೀತಿತ್ತೋ ಏನೋ!"

ಹೇಗೆ ನಡೆಯುತ್ತಿತ್ತು ಅನ್ನುವುದು ಜಯವ್ವನಿಗೆ ಅಷ್ಟೊತ್ತಿಗೆ ತಿಳಿದಿತ್ತು. ಒಂದು ಗುಟುಕು ನೀರು ಕುಡಿ. ಧೂಳಾ ಝಾಡಸಾಕತ್ತೇನಿ. ಆರು ವರ್ಷ! ಆರು ವರ್ಷ ತಾನು ಬಿಟ್ಟ ಸಾಲನ್ನು ಆತ ದಿನಾ ಬಾಯಿಮುಚ್ಚಿಕೊಂಡು ತುಂಬಿದ್ದ. ಒಂದು ಸಲ ಬೈದದ್ದಕ್ಕೆ ತಾನು ಎಂಟು ದಿನ ಮುನಿಸಿಕೊಂಡದ್ದನ್ನು ಮರೆಯದೆ, ತಾನು ನಳದ ಹತ್ತಿರ ಒಂದು ತಪ್ಪು ತಗೀರಿ ಅಂತ ಜಂಬ ಕೊಚ್ಚುವುದನ್ನು ಕಿಡಕಿಯಿಂದ ಕೇಳುತ್ತ ಸುಮ್ಮನಿದ್ದ.

"ಹೇಳಬಾರದಿತ್ತೇನ್ರಿ!" ಅಂದಳು, ಗೋಡೆಯ ಕಡೆ ನೋಡಿ. "ಬೈದಿದ್ರೂ ನಡೀತಿತ್ತಲ್ರಿ."

ಚನ್ನಪ್ಪ ಗಂಟು ಕಟ್ಟುವುದನ್ನು ಬಿಟ್ಟು ನಿಂತ. ಜಯವ್ವ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಸಾಲನ್ನು ಮೊದಲ ಸಲ ಓದಿದಳು. "ಸಿ ಡಿ. ಏಳು ಸೊನ್ನಿ. ಎರಡು ಸೊನ್ನಿ." ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಲಕ್ಷ್ಮೀಕಾಂತಾ, ಇದನ್ನ ಅವರು ನೋಡದ ಒತ್ತತಿದ್ರು. ಕಣ್ಣಿರಲಿಲ್ಲ, ಪುಸ್ತಕ ನನ್ನ ಕೈಯಾಗಿತ್ತು. ಅಂದ್ರ ಬಾಯಿಪಾಠ ಇತ್ತು, ಹೌದಿಲ್ಲೋ?"

"ಹೌದ್ರಿ ಕಾಕು."

"ಇದೊಂದ ಸಾಲು ಇತ್ತೇನು, ಎಲ್ಲಾ ಇತ್ತೇನು?"

ಅವನು ಟಾವೆಲಿನಿಂದ ಮುಖ ಒರೆಸಿಕೊಂಡ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಎಲ್ಲಾ ಇತ್ರಿ. ಒಂದ ವರ್ಷ ಕುಂತು ಬರದವರು ಅವರ ಅಲ್ಲೇನ್ರಿ. ನೀವು ನಳಕ್ಕ ಹೋದಾಗ ನನ್ನ ಮುಂದ ಕಣ್ಣ ಮುಚ್ಚಿ ಪೂರಾ ಅಂದು ತೋರಸ್ತಿದ್ರು."

"ಹಂಗಾದ್ರ ನನ್ನ ಯಾಕ ಓದಸ್ತಿದ್ರು?"

ಆ ಪ್ರಶ್ನೆಗೆ ಉತ್ತರ ಆಕೆಗೆ ತಾನೇ ಹೊಳೆಯಿತು. ಚಿಪ್ಪಿನ್ಯಾಗ ಹಾಕಿದ್ರ ನಾ ಸಂಜೀಕ ಏನ ಮಾಡ್ಲಿ ಅಂದ ಮುದುಕನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಇನ್ನೊಂದು ನೆನಪು. ಆ ಎಂಟು ದಿನ. ಆಮೇಲಿನ ತಲೆನೋವಿನ ದಿನಗಳು. ತಾನು ಓದದ ದಿನ ಆತ ಡಬ್ಬಿಯನ್ನು ತಾನೇ ಮುಕ್ಕಾಲು ತಾಸಿನಲ್ಲಿ ಹಚ್ಚಿಕೊಳ್ಳಬಹುದಿತ್ತು. ಬೆರಳಿತ್ತು, ಬಾಯಿಪಾಠವಿತ್ತು. ಹಚ್ಚಿಕೊಳ್ಳಲಿಲ್ಲ. ಹೊತ್ತು ಗೊತ್ತಾಗದೆ, ದಾರಿಯಲ್ಲಿ ಹೋಗುವವರನ್ನು ಕೇಳುತ್ತ, ಆಕೆ ಬಂದು ಪಕ್ಕದಲ್ಲಿ ಕೂರಲಿ ಅಂತ ಕಾದ.

"ನಾ ಓದದ ದಿನ ಸುಮ್ನ ಕುಂತಿರತಿದ್ರಲ್ಲೋ ತಮ್ಮಾ" ಅಂತ ಜಯವ್ವ ಗಟ್ಟಿಯಾಗಿ ಅತ್ತಳು. ಗಂಡ ಸತ್ತ ದಿನವೂ ಆಕೆ ಅಷ್ಟು ಅತ್ತಿರಲಿಲ್ಲ. "ತಲಿ ನೋವಿರಲಿಲ್ಲೋ ನನಗ, ಬ್ಯಾಸರಿತ್ತು ಅಷ್ಟ. ಅವರಿಗೆ ಗೊತ್ತಿತ್ತು, ಎಲ್ಲಾ ಗೊತ್ತಿತ್ತು."

ಅತ್ತು ಮುಗಿದ ಮೇಲೆ ಆಕೆಯೇ ಮುಖ ತೊಳೆದು ಬಂದು ಡಬ್ಬಿಯ ಮುಂದೆ ಕೂತಳು. ಲಕ್ಷ್ಮೀಕಾಂತ ಕೈ ಚಾಚಿದರೆ, "ಬ್ಯಾಡ, ನಾನ ಒತ್ತತೇನಿ" ಅಂದಳು. ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಒತ್ತಿದಳು. ಮೊದಲನೇ ಪುಟದ ಬುಡಕ್ಕೆ ಬಂದಾಗ ಓದು ನಿಲ್ಲಿಸಿ, ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದಳು. ಆ ಸಾಲನ್ನು ಬಾಯಿಬಿಟ್ಟು ಓದಲಿಲ್ಲ, ಸುಮ್ಮನೆ ಒತ್ತಿ ಹಾಳೆ ತಿರುವಿದಳು. ಎರಡನೇ ಪುಟ ಮುಗಿಯಿತು. ಲಕ್ಷ್ಮೀಕಾಂತ ಕೈಗಡಿಯಾರ ನೋಡಿ ಹೊತ್ತು ಹೇಳಿದ, ನಾಲ್ಕಕ್ಕೆ ಮೂರು ನಿಮಿಷ. ಅದನ್ನೂ ಒತ್ತಿ ಆಕೆ ಚಾಲೂ ಮಾಡಿದಳು.

ಹೊರಗೆ ಆಟೋ ಬಂದು ನಿಂತಿತ್ತು. ಚನ್ನಪ್ಪ ಗಂಟುಗಳನ್ನೆಲ್ಲ ಸಾಗಿಸಿ ಬಂದು, ಗೋಡೆಯ ಪ್ಲಗ್ಗಿಗೆ ಕೈ ಹಾಕಿ, "ತಗೀಲೇನಕ್ಕಾ?" ಅಂದ.

"ತಡಿ, ನಾಕು ಬಾರಸ್ಲಿ."

ಡಬ್ಬಿ ಟುಂಯ್ ಅಂದಿತು. ಖಾಲಿ ಕೋಣೆಯಲ್ಲಿ ಅದರ ದನಿ ಮೊದಲಿಗಿಂತ ದೊಡ್ಡದಾಗಿ ಕೇಳಿತು. ಜಯವ್ವ ಬೆರಳು ಮಡಚಿ, ಗಂಡ ಎಣಿಸುತ್ತಿದ್ದ ಹಾಗೇ ಗಟ್ಟಿಯಾಗಿ ಎಣಿಸಿದಳು. ಒಂದು, ಎರಡು, ಮೂರು, ನಾಕು. ಆಮೇಲೆ ತಾನೇ ಎದ್ದು ಹೋಗಿ ಪ್ಲಗ್ ಕಿತ್ತಳು. ಕೆಂಪು ಅಂಕಿಗಳು ಆರಿದವು.

"ಅಯ್ಯ, ಎಲ್ಲಾ ಮರತು ಹೋತಲ್ಲಕ್ಕಾ!" ಅಂದ ಚನ್ನಪ್ಪ.

"ಮರೀಲಿ ಬಿಡು" ಅಂದಳು ಜಯವ್ವ, ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತುತ್ತ. "ಇಂಡಿಗೆ ಹೋಗಿ ಸಂಜೀಕ ಮತ್ತ ಓದತೇನಿ. ಇನ್ನ ಒಂದ ದಿನಾನೂ ತಲಿನೋವು ಅನ್ನಂಗಿಲ್ಲ."